ಸಾರ್ವಜನಿಕ ಆರೋಗ್ಯ ಕಾರ್ಯಪಡೆಯ ಗಾತ್ರ: ದೇಶದೇಶಗಳ ಲೆಕ್ಕ

ಸಾರ್ವಜನಿಕ ಆರೋಗ್ಯ ಕಾರ್ಯಪಡೆ: ಒಬ್ಬೊಬ್ಬ ರೋಗಿಯನ್ನು ಗುಣಪಡಿಸುವುದಕ್ಕಿಂತ ಇಡೀ ಜನಸಮುದಾಯ ಕಾಯಿಲೆ ಬೀಳದಂತೆ ನೋಡಿಕೊಳ್ಳುವುದೇ ಯಾರ ಮುಖ್ಯ ಕೆಲಸವೋ ಅವರೆಲ್ಲರಿಗೂ ಸೇರಿ ಇರುವ ಹೆಸರು. ಜ್ವರ ಎಲ್ಲಿಂದ ಹಬ್ಬಿತೆಂದು ಪತ್ತೆಹಚ್ಚುವ ಎಪಿಡೆಮಿಯಾಲಜಿಸ್ಟ್, ಹೆಗಲಿಗೆ ಲಸಿಕೆ ಪೆಟ್ಟಿಗೆ ತೂಗಿಕೊಂಡು ಅಂಗನವಾಡಿಗೆ ಹೋಗುವ ಆರೋಗ್ಯ ಸಹಾಯಕಿ, ಕುಡಿಯುವ ನೀರಿನ ಮಾದರಿ ಸಂಗ್ರಹಿಸುವ ನಿರೀಕ್ಷಕ, ಪ್ರಯೋಗಾಲಯದ ತಂತ್ರಜ್ಞ, ಜನನ ಮರಣಗಳ ಅಂಕಿ ಜೋಡಿಸುವ ಗುಮಾಸ್ತ, ಇವರ ಮೇಲುಸ್ತುವಾರಿ ನೋಡುವ ಜಿಲ್ಲಾ ಆರೋಗ್ಯಾಧಿಕಾರಿ ಎಲ್ಲರೂ ಇದರೊಳಗೆ ಬರುತ್ತಾರೆ. ಒಂದು ದೇಶದಲ್ಲಿ ಎಷ್ಟು ವೈದ್ಯರಿದ್ದಾರೆ ಎಂಬ ಪ್ರಶ್ನೆಗೆ ಸರಿಯೋ ತಪ್ಪೋ ಒಂದು ಉತ್ತರ ಸಿಗುತ್ತದೆ. ಸಾರ್ವಜನಿಕ ಆರೋಗ್ಯದ ಕೆಲಸಗಾರರು ಎಷ್ಟು ಎಂದು ಕೇಳಿದರೆ ಬಹುಪಾಲು ದೇಶಗಳ ಬಳಿ ಉತ್ತರವೇ ಇಲ್ಲ. ಇರುವ ಕೆಲವು ದೇಶಗಳ ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಹೊಂದಿಕೆಯಾಗುವುದಿಲ್ಲ. ಕಾರಣ ಎಣಿಸುವವರ ಆಲಸ್ಯವಲ್ಲ. ಯಾರನ್ನು ಎಣಿಸಬೇಕು ಎಂಬುದೇ ಇತ್ಯರ್ಥವಾಗಿಲ್ಲ.

ಹುಟ್ಟಿನಲ್ಲೇ ಇದ್ದ ತೊಡಕು

ಈ ಇತ್ಯರ್ಥವಾಗದ ಸ್ಥಿತಿ ಹೊಸದಲ್ಲ. ಆಧುನಿಕ ಸಾರ್ವಜನಿಕ ಆರೋಗ್ಯ ಸೇವೆಯ ಮೊದಲ ನಗರವೆಂದು ಹೆಸರಾದದ್ದು ಇಂಗ್ಲೆಂಡಿನ ಲಿವರ್‌ಪೂಲ್. ಅಲ್ಲಿ 1847ರಲ್ಲಿ ನಗರದ ಆರೋಗ್ಯಾಧಿಕಾರಿಯಾಗಿ ನೇಮಕಗೊಂಡ ವಿಲಿಯಂ ಹೆನ್ರಿ ಡಂಕನ್ ವೈದ್ಯ. ಅವನ ಜೊತೆಗಿದ್ದ ಥಾಮಸ್ ಫ್ರೆಶ್ ಗಲೀಜು, ದುರ್ವಾಸನೆ, ಕೊಳೆತ ಮಾಂಸಗಳ ಮೇಲೆ ಕಣ್ಣಿಡುವ ನಿರೀಕ್ಷಕ. ಒಳಚರಂಡಿ ಕಟ್ಟಿಸಿದ ಜೇಮ್ಸ್ ನ್ಯೂಲ್ಯಾಂಡ್ಸ್ ಎಂಜಿನಿಯರ್. ಮೂವರ ವಿದ್ಯೆಯೂ ಬೇರೆ, ಕೆಲಸದ ಗುರಿ ಒಂದೇ. ಕಾಲರಾ ತಡೆಯುವುದರಲ್ಲಿ ಮೂವರ ಪಾಲು ಎಷ್ಟೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನ್ಯೂಲ್ಯಾಂಡ್ಸ್‌ನ ಚರಂಡಿಗಳೇ ಹೆಚ್ಚು ಜೀವ ಉಳಿಸಿದವು ಎಂದು ವಾದಿಸುವುದು ಸುಲಭ. ಆದರೆ ಇಂದಿನ ಯಾವ ಆರೋಗ್ಯ ಸಿಬ್ಬಂದಿ ಪಟ್ಟಿಯಲ್ಲೂ ಚರಂಡಿ ಎಂಜಿನಿಯರ್ ಇರುವುದಿಲ್ಲ. ಇನ್ನೂ ಒಂದು ಸಂಗತಿ ಇದೆ. ಡಂಕನ್ ಮೊದಲು ನೇಮಕವಾದದ್ದು ಅರೆಕಾಲಿಕ ಅಧಿಕಾರಿಯಾಗಿ, ಖಾಸಗಿ ವೈದ್ಯಕೀಯ ವೃತ್ತಿಯನ್ನು ಮುಂದುವರಿಸುವ ಅನುಮತಿಯೊಂದಿಗೆ. ಪೂರ್ಣಾವಧಿಗೆ ಬಂದದ್ದು ಮರುವರ್ಷ. ಅಂದರೆ ಈ ಕಾರ್ಯಪಡೆಯ ಮೊದಲ ಸದಸ್ಯನನ್ನೇ ಒಂದು ಎಂದು ಬರೆಯಬೇಕೋ ಅರ್ಧ ಎಂದೋ ಎಂಬ ಪ್ರಶ್ನೆ ಅಂದೇ ಇತ್ತು.

ಯಾರು ಒಳಗೆ, ಯಾರು ಹೊರಗೆ

ಎಣಿಕೆಗೆ ಎರಡು ದಾರಿಗಳಿವೆ. ಹುದ್ದೆಯ ಹೆಸರು ನೋಡಿ ಎಣಿಸುವುದು ಒಂದು, ಮಾಡುವ ಕೆಲಸ ನೋಡಿ ಎಣಿಸುವುದು ಇನ್ನೊಂದು.

ಹುದ್ದೆಯ ಹೆಸರಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವೃತ್ತಿ ವರ್ಗೀಕರಣ ಆಧಾರ. ಅದರ 2008ರ ಆವೃತ್ತಿಯಲ್ಲಿ ಸಾಮಾನ್ಯ ವೈದ್ಯರಿಗೆ 2211, ತಜ್ಞ ವೈದ್ಯರಿಗೆ 2212, ದಾದಿಯರಿಗೆ 2221, ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ 3253, ಪರಿಸರ ಮತ್ತು ಔದ್ಯೋಗಿಕ ಆರೋಗ್ಯ ನಿರೀಕ್ಷಕರಿಗೆ 3257 ಎಂಬ ಸಂಕೇತಗಳಿವೆ. ಎಪಿಡೆಮಿಯಾಲಜಿಸ್ಟರಿಗೆ ಮಾತ್ರ ಪ್ರತ್ಯೇಕ ಸಂಕೇತವಿಲ್ಲ. ಒಂದು ದೇಶದಲ್ಲಿ ಅವರು ತಜ್ಞ ವೈದ್ಯರ ಸಾಲಿಗೆ ಸೇರಿದರೆ ಇನ್ನೊಂದರಲ್ಲಿ ಸಂಖ್ಯಾಶಾಸ್ತ್ರಜ್ಞರ ಜೊತೆ ಕೂರುತ್ತಾರೆ. ಅಮೆರಿಕ ತನ್ನದೇ ವರ್ಗೀಕರಣದಲ್ಲಿ ಅವರಿಗೊಂದು ಸಂಕೇತ ಕೊಟ್ಟುಕೊಂಡಿದೆ. ಹಾಗಾಗಿ ಅಲ್ಲಿ ಎಣಿಸಲು ಸಾಧ್ಯ. ಜಗತ್ತಿನ ಉಳಿದೆಡೆಯೊಂದಿಗೆ ಹೋಲಿಸಲು ಸಾಧ್ಯವಿಲ್ಲ.

ಕೆಲಸ ನೋಡಿ ಎಣಿಸುವವರಿಗೆ ಮೊದಲು ಕೆಲಸಗಳ ಪಟ್ಟಿ ಬೇಕು. ಅಮೆರಿಕ 1994ರಲ್ಲಿ ಹತ್ತು ಅಗತ್ಯ ಸೇವೆಗಳ ಪಟ್ಟಿ ಮಾಡಿತು, 2020ರಲ್ಲಿ ಅದನ್ನು ಪರಿಷ್ಕರಿಸಿತು. ಅಮೆರಿಕ ಖಂಡಗಳ ಆರೋಗ್ಯ ಸಂಘಟನೆಯ ಪಟ್ಟಿಯಲ್ಲಿ ಹನ್ನೊಂದು ಕಾರ್ಯಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯ 2012ರ ಪಟ್ಟಿಯಲ್ಲಿ ಮತ್ತೆ ಹತ್ತು. ಆದರೆ ಅವೇ ಹತ್ತಲ್ಲ.

ಪಟ್ಟಿ ಯಾವುದೇ ಇರಲಿ, ಕರ್ನಾಟಕದ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಕ್ಕರೆ ಅದನ್ನು ಬಳಸುವ ಕಷ್ಟ ಕಣ್ಣಿಗೆ ಬೀಳುತ್ತದೆ. ವೈದ್ಯಾಧಿಕಾರಿ ಬೆಳಿಗ್ಗೆ ಹೊರರೋಗಿಗಳನ್ನು ನೋಡುತ್ತಾರೆ, ಅದು ಚಿಕಿತ್ಸೆ. ಮಧ್ಯಾಹ್ನದ ಮೇಲೆ ಡೆಂಗಿ ಪ್ರಕರಣ ಬಂದ ಬೀದಿಗೆ ಹೋಗಿ ಲಾರ್ವಾ ಸಮೀಕ್ಷೆ ನೋಡಿ ಬರುತ್ತಾರೆ. ಅದು ಸಾರ್ವಜನಿಕ ಆರೋಗ್ಯ. ಸಂಜೆ ಪೋರ್ಟಲ್‌ಗಳಿಗೆ ಮಾಹಿತಿ ತುಂಬಿಸುತ್ತಾರೆ. ಅದು ಏನೆಂದು ಪಟ್ಟಿ ಮಾಡಿದವರೇ ಹೇಳಬೇಕು. ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನಿಸಿಕೊಳ್ಳುತ್ತಿದ್ದು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಪದನಾಮ ಪಡೆದಿರುವವರು ಗುರುವಾರ ಲಸಿಕೆ ಹಾಕುತ್ತಾರೆ, ಉಳಿದ ದಿನ ಗರ್ಭಿಣಿಯರ ತಪಾಸಣೆ, ಮನೆ ಭೇಟಿ, ರಕ್ತದೊತ್ತಡ ಪರೀಕ್ಷೆ. ಇವರಲ್ಲಿ ಯಾರೂ ಪೂರ್ತಿ ಈ ಕಡೆಯವರಲ್ಲ, ಪೂರ್ತಿ ಆ ಕಡೆಯವರೂ ಅಲ್ಲ.

ಆರೋಗ್ಯ ಇಲಾಖೆಯ ಹೊರಗಿರುವವರ ಪ್ರಶ್ನೆ ಇದಕ್ಕಿಂತ ಜಟಿಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯನ್ನೇ ನೋಡಬಹುದು. ಕಾಡಿನಲ್ಲಿ ಮಂಗ ಸತ್ತುಬಿದ್ದಿದೆ ಎಂಬ ಸುದ್ದಿ ಬರುವುದು ಹೆಚ್ಚಾಗಿ ಅರಣ್ಯ ಸಿಬ್ಬಂದಿಯಿಂದ, ಇಲ್ಲವೇ ತೋಟಕ್ಕೆ ಹೋದ ರೈತರಿಂದ. ಮಂಗದ ಶವಪರೀಕ್ಷೆ ಮಾಡುವವರು ಪಶುವೈದ್ಯರು. ಉಣ್ಣೆಗಳನ್ನು ಹಿಡಿದು ಪ್ರಯೋಗಾಲಯಕ್ಕೆ ಕಳಿಸುವವರು ಕೀಟಶಾಸ್ತ್ರ ವಿಭಾಗದವರು. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚುವವರು ಆಶಾ ಕಾರ್ಯಕರ್ತೆಯರು. ಡಂಗುರ ಸಾರಿಸಿ ಎಚ್ಚರಿಸುವುದು ಗ್ರಾಮ ಪಂಚಾಯಿತಿ. ಈ ಸರಪಳಿಯಲ್ಲಿ ಮೊದಲ ಕೊಂಡಿಯಾದ ಅರಣ್ಯ ರಕ್ಷಕನಿಲ್ಲದಿದ್ದರೆ ಉಳಿದವರಿಗೆ ಕೆಲಸವೇ ಶುರುವಾಗುವುದಿಲ್ಲ. ಆದರೂ ಆರೋಗ್ಯ ಕಾರ್ಯಪಡೆಯ ಯಾವ ಲೆಕ್ಕದಲ್ಲೂ ಅವನಿಲ್ಲ. ಇರಬೇಕೇ ಎಂಬುದು ಬೇರೆ ಮಾತು. ಅವನನ್ನು ಸೇರಿಸಿದರೆ ಚರಂಡಿ ತೆಗೆಯುವ ಪೌರಕಾರ್ಮಿಕರನ್ನು ಬಿಡುವುದಕ್ಕೆ ಕಾರಣ ಉಳಿಯುವುದಿಲ್ಲ. ಕರ್ನಾಟಕದ ನಗರಗಳಲ್ಲಿ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡವಿದೆ. ಆ ಒಂದು ವರ್ಗವನ್ನು ಸೇರಿಸಿಬಿಟ್ಟರೆ ಸಾಕು, ಸಾರ್ವಜನಿಕ ಆರೋಗ್ಯ ಸಿಬ್ಬಂದಿಯ ಸಂಖ್ಯೆ ನಗರವಾಸಿಗಳ ಲಕ್ಷಕ್ಕೆ ನೂರನಲವತ್ತರಷ್ಟು ಏರಿಬಿಡುತ್ತದೆ.

ಕೋವಿಡ್ ನಂತರ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿ ಈ ಗೊಂದಲಕ್ಕೆ ಒಂದು ವ್ಯವಸ್ಥೆ ತಂದಿತು. ಅದು ಕೆಲಸಗಾರರನ್ನು ಮೂರು ಗುಂಪುಗಳಾಗಿ ನೋಡುತ್ತದೆ. ಸಾರ್ವಜನಿಕ ಆರೋಗ್ಯವೇ ಮುಖ್ಯ ಕೆಲಸವಾಗಿರುವವರು ಮೊದಲನೆಯವರು. ಚಿಕಿತ್ಸೆಯ ನಡುವೆ ಈ ಕೆಲಸವನ್ನೂ ಮಾಡುವ ವೈದ್ಯರು, ದಾದಿಯರು ಎರಡನೆಯವರು. ಆರೋಗ್ಯ ಕ್ಷೇತ್ರದ ಹೊರಗಿದ್ದು ಜನರ ಆರೋಗ್ಯ ಕಾಯುವವರು ಮೂರನೆಯವರು. ಮೊದಲ ಗುಂಪನ್ನು ಎಣಿಸಬಹುದು. ಎರಡನೆಯದನ್ನು ಅವರ ಸಮಯದ ಪಾಲು ಅಂದಾಜಿಸಿ ಲೆಕ್ಕ ಹಾಕಬೇಕು. ಮೂರನೆಯದನ್ನು ಪಟ್ಟಿ ಮಾಡಬಹುದೇ ಹೊರತು ಎಣಿಸುವ ಹಟ ಹಿಡಿಯುವುದರಲ್ಲಿ ಅರ್ಥ ಕಾಣುವುದಿಲ್ಲ.

ಅಂಕಿ ಎಲ್ಲಿಂದ ಬರುತ್ತದೆ

ಆರೋಗ್ಯ ಸಿಬ್ಬಂದಿಯ ಎಣಿಕೆಗೆ ಸಾಮಾನ್ಯವಾಗಿ ನಾಲ್ಕು ಮೂಲಗಳು: ಜನಗಣತಿ, ಉದ್ಯೋಗ ಸಮೀಕ್ಷೆ, ವೃತ್ತಿ ಪರಿಷತ್ತುಗಳ ನೋಂದಣಿ ಪುಸ್ತಕ, ವೇತನ ಬಟವಾಡೆಯ ದಾಖಲೆ. ಒಂದೊಂದೂ ಬೇರೆ ಬೇರೆ ಸಂಖ್ಯೆ ಹೇಳುತ್ತದೆ. ಎಷ್ಟು ಬೇರೆ ಎಂಬುದಕ್ಕೆ ಭಾರತಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಅನುಪ್ ಕರಣ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2018ರಲ್ಲಿ ಭಾರತದ ನೋಂದಣಿ ಪುಸ್ತಕಗಳಲ್ಲಿದ್ದ ಆರೋಗ್ಯ ವೃತ್ತಿಪರರ ಒಟ್ಟು ಸಂಖ್ಯೆ 57.6 ಲಕ್ಷ. ಅದೇ ಅವಧಿಗೆ, ಅಂದರೆ 2017–18ಕ್ಕೆ, ರಾಷ್ಟ್ರೀಯ ಮಾದರಿ ಸಮೀಕ್ಷೆ ಮನೆಮನೆಗೆ ಹೋಗಿ ಕೇಳಿದಾಗ ನಿಜಕ್ಕೂ ಆ ಕೆಲಸದಲ್ಲಿದ್ದವರು 31.2 ಲಕ್ಷದಷ್ಟೇ. ನೋಂದಣಿಯ ಲೆಕ್ಕದಲ್ಲಿ 10,000 ಜನಸಂಖ್ಯೆಗೆ 8.8 ಅಲೋಪತಿ ವೈದ್ಯರು, 17.7 ದಾದಿಯರು ಮತ್ತು ಸೂಲಗಿತ್ತಿಯರು. ಕೆಲಸದಲ್ಲಿರುವವರ ಲೆಕ್ಕದಲ್ಲಿ 6.1 ಮತ್ತು 10.6, ತಕ್ಕ ವಿದ್ಯಾರ್ಹತೆ ಇರುವವರನ್ನು ಮಾತ್ರ ಉಳಿಸಿಕೊಂಡರೆ 5.0 ಮತ್ತು 6.0. ದಾದಿಯರ ಸಂಖ್ಯೆ ಮೂರನೇ ಒಂದು ಭಾಗಕ್ಕೆ ಇಳಿದುಹೋಯಿತು.

ಈ ಅಂತರ ಎಲ್ಲಿಂದ ಬಂತು? ತೀರಿಕೊಂಡವರ, ನಿವೃತ್ತರಾದವರ ಹೆಸರನ್ನು ಪುಸ್ತಕದಿಂದ ತೆಗೆಯುವ ಪದ್ಧತಿ ಸರಿಯಾಗಿರಲಿಲ್ಲ. ಎರಡು ರಾಜ್ಯಗಳಲ್ಲಿ ನೋಂದಾಯಿಸಿಕೊಂಡವರು ಎರಡು ಸಲ ಎಣಿಕೆಯಾಗುತ್ತಾರೆ. ಮದುವೆ, ಮಕ್ಕಳು ಎಂದು ಕೆಲಸ ಬಿಟ್ಟ ದಾದಿಯರು ಪುಸ್ತಕದಲ್ಲಿ ಹಾಗೆಯೇ ಉಳಿಯುತ್ತಾರೆ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತು ಇಲ್ಲಿಯೇ ನೋಂದಾಯಿಸಿಕೊಂಡು ಕೊಲ್ಲಿ ದೇಶಗಳಿಗೂ ಬ್ರಿಟನ್‌ಗೂ ಹೋದವರು ಎರಡೂ ಕಡೆಯ ಪುಸ್ತಕಗಳಲ್ಲಿರುತ್ತಾರೆ. ಈ ದೋಷ ಭಾರತದ್ದೊಂದೇ ಅಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ತನ್ನ ಸದಸ್ಯ ದೇಶಗಳಿಂದ ಪರವಾನಗಿ ಪಡೆದವರು, ವೃತ್ತಿಯಲ್ಲಿ ಸಕ್ರಿಯರಾಗಿರುವವರು, ರೋಗಿಗಳನ್ನು ನೋಡುತ್ತಿರುವವರು ಎಂದು ಮೂರು ಬಗೆಯ ಅಂಕಿ ಕೇಳುತ್ತದೆ. ಪೋರ್ಚುಗಲ್ ಕೊಡುವುದು ಪರವಾನಗಿ ಪಡೆದವರ ಸಂಖ್ಯೆ. ಅದು ವಾಸ್ತವಕ್ಕಿಂತ ಸುಮಾರು ಶೇ 30ರಷ್ಟು ಹೆಚ್ಚು ಎಂದು ಆ ಸಂಘಟನೆಯೇ ವರ್ಷವರ್ಷವೂ ಅಡಿಟಿಪ್ಪಣಿ ಹಾಕುತ್ತದೆ. ಅಡಿಟಿಪ್ಪಣಿ ಓದದ ಪತ್ರಿಕೆಗಳು ಪೋರ್ಚುಗಲ್ಲನ್ನು ಹೊಗಳುತ್ತವೆ.

ಜನಗಣತಿಯ ದೋಷ ಇದಕ್ಕೆ ತದ್ವಿರುದ್ಧ. ಅಲ್ಲಿ ನಾನು ಡಾಕ್ಟರ್ ಎಂದವರೆಲ್ಲ ಡಾಕ್ಟರೇ. ಸುಧೀರ್ ಆನಂದ್ ಮತ್ತು ವಿಕ್ಟೋರಿಯಾ ಫಾನ್ 2001ರ ಜನಗಣತಿಯ ಮಾಹಿತಿಯನ್ನು ಜಿಲ್ಲೆಜಿಲ್ಲೆಗೂ ಬಿಡಿಸಿ ನೋಡಿದರು. ಆ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಅಲೋಪತಿ ವೈದ್ಯರೆಂದು ಹೇಳಿಕೊಂಡವರಲ್ಲಿ ಶೇ 57.3 ಮಂದಿಗೆ ವೈದ್ಯಕೀಯ ವಿದ್ಯಾರ್ಹತೆಯೇ ಇರಲಿಲ್ಲ. ಗ್ರಾಮೀಣ ಭಾಗದಲ್ಲಿ ವಿದ್ಯಾರ್ಹತೆ ಇದ್ದವರು ಶೇ 18.8 ಮಾತ್ರ. ಹಳ್ಳಿಯ ಜನ ಯಾರ ಬಳಿ ಔಷಧಿ ಪಡೆಯುತ್ತಾರೆ ಎಂದು ತಿಳಿಯಬೇಕಿದ್ದರೆ ಜನಗಣತಿಯ ಅಂಕಿಯೇ ಸರಿ, ದೇಶ ಎಷ್ಟು ವೈದ್ಯರನ್ನು ತಯಾರು ಮಾಡಿದೆ ಎಂದು ತಿಳಿಯಲು ನೋಂದಣಿ ಪುಸ್ತಕವೇ ಸರಿ. ಎರಡನ್ನೂ ಕಲಸಿದಾಗ ಮಾತ್ರ ತಪ್ಪು.

ಊಹೆಯೊಂದು ಅನುಪಾತವಾಗುವ ಬಗೆಗೂ ಇಲ್ಲಿಯೇ ಒಂದು ನಿದರ್ಶನವಿದೆ. ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದಂತೆ 2022ರ ಜೂನ್ ಹೊತ್ತಿಗೆ ನೋಂದಾಯಿತ ಅಲೋಪತಿ ವೈದ್ಯರು 13,08,009. ಇವರಲ್ಲಿ ಶೇ 80 ಮಂದಿ ಲಭ್ಯರಿದ್ದಾರೆಂದು ಊಹಿಸಿ, 5.65 ಲಕ್ಷ ಆಯುಷ್ ವೈದ್ಯರನ್ನು ಕೂಡಿಸಿ, ವೈದ್ಯ ಮತ್ತು ಜನಸಂಖ್ಯೆಯ ಅನುಪಾತ 1:834 ಎಂದು ಘೋಷಿಸಲಾಯಿತು. ಆಯುಷ್ ವೈದ್ಯರನ್ನು ಬಿಟ್ಟರೆ ಅದೇ ಲೆಕ್ಕ ಸುಮಾರು 1:1,300ಕ್ಕೆ ಹೋಗುತ್ತದೆ. ಈ ಚರ್ಚೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 1:1,000 ಮಾನದಂಡ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಆ ಸಂಸ್ಥೆ ವೈದ್ಯರಿಗೆಂದು ಅಂಥ ಅನುಪಾತವನ್ನು ವಿಧಿಸಿಲ್ಲ.

ತಲೆ, ಹುದ್ದೆ, ಗಂಟೆ

ಒಬ್ಬೊಬ್ಬರನ್ನೂ ಒಂದೆಂದು ಬರೆದರೆ ತಲೆಯೆಣಿಕೆ. ಸರ್ಕಾರಿ ವ್ಯವಸ್ಥೆಯಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಹುದ್ದೆಯೆಣಿಕೆ: ಮಂಜೂರಾದದ್ದು, ಭರ್ತಿಯಾದದ್ದು, ಖಾಲಿ ಇರುವುದು. ಇದರಲ್ಲೊಂದು ಮೋಸವಿದೆ. ತಾಲ್ಲೂಕು ಆರೋಗ್ಯಾಧಿಕಾರಿಗೆ ಪಕ್ಕದ ತಾಲ್ಲೂಕಿನ ಪ್ರಭಾರವೂ ಇದ್ದರೆ ಎರಡು ಹುದ್ದೆಗಳ ಕೆಲಸಕ್ಕೆ ಒಬ್ಬರೇ. ಇನ್ನೊಂದೆಡೆ ಒಂದು ಕೇಂದ್ರದಲ್ಲಿ ಸಂಬಳ ಪಡೆಯುವ ಪ್ರಯೋಗಾಲಯ ತಂತ್ರಜ್ಞ ನಿಯೋಜನೆಯ ಮೇಲೆ ಜಿಲ್ಲಾ ಕೇಂದ್ರದಲ್ಲಿರುತ್ತಾರೆ. ಕಾಗದದಲ್ಲಿ ಹುದ್ದೆ ಭರ್ತಿ, ಊರಿನಲ್ಲಿ ಖಾಲಿ. ಗುತ್ತಿಗೆ ಮತ್ತು ಹೊರಗುತ್ತಿಗೆಯವರು ಮಂಜೂರಾದ ಹುದ್ದೆಗಳ ಕೋಷ್ಟಕಕ್ಕೆ ಬರುವುದೇ ಇಲ್ಲ.

ಮೂರನೆಯದು ಪೂರ್ಣಾವಧಿ ಸಮಾನಾಂಕ. ವಾರದಲ್ಲಿ ಅರ್ಧ ಸಮಯ ಈ ಕೆಲಸ ಮಾಡುವ ಇಬ್ಬರು ಸೇರಿ ಒಬ್ಬರು. ಹೋಲಿಕೆಗೆ ಇದೇ ಉತ್ತಮ. ಆದರೆ ಕೆಲಸದ ವೇಳೆಯನ್ನು ದಾಖಲಿಸುವ ಅಭ್ಯಾಸವಿಲ್ಲದ ದೇಶಗಳಲ್ಲಿ ಇದು ಅಂದಾಜಿನ ಮೇಲಿನ ಅಂದಾಜು.

ಎಷ್ಟು ಜನ ಇದ್ದಾರೆ ಎಂಬುದರ ಬದಲು ಎಷ್ಟು ಜನ ಬೇಕು ಎಂದು ಕೇಳುವ ವಿಧಾನವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಪ್ರಕಟಿಸಿ 2010ರಲ್ಲಿ ಪರಿಷ್ಕರಿಸಿದ ಕಾರ್ಯಭಾರ ಆಧಾರಿತ ಸಿಬ್ಬಂದಿ ಸೂಚಕ ಇಂಥದು. ಇದನ್ನು ರೂಪಿಸಿದವರು ಪೀಟರ್ ಶಿಪ್. ಒಂದು ಕಲ್ಪಿತ ಉಪಕೇಂದ್ರವನ್ನು ಇಟ್ಟುಕೊಂಡು ಇದರ ಲೆಕ್ಕ ನೋಡಬಹುದು. ವರ್ಷಕ್ಕೆ 52 ವಾರ, ವಾರಕ್ಕೆ 6 ದಿನದಂತೆ 312 ದಿನ. ಗಳಿಕೆ ರಜೆ, ಸಾಂದರ್ಭಿಕ ರಜೆ, ಹಬ್ಬದ ರಜೆ, ತರಬೇತಿಗೆಂದು 72 ದಿನ ಕಳೆದರೆ 240. ದಿನಕ್ಕೆ 7 ಗಂಟೆಯಂತೆ 1,680 ಗಂಟೆ. ಒಂದು ಮನೆ ಭೇಟಿಗೆ ಅರ್ಧ ಗಂಟೆ ಹಿಡಿದರೆ ಒಬ್ಬರು ವರ್ಷಕ್ಕೆ 3,360 ಭೇಟಿ ಮಾಡಬಹುದು. ಆ ಪ್ರದೇಶಕ್ಕೆ 5,040 ಭೇಟಿ ಬೇಕಿದ್ದರೆ ಒಂದೂವರೆ ಜನ ಬೇಕು. ದಾಖಲೆ ಬರೆಯುವುದಕ್ಕೂ ಸಭೆಗಳಿಗೂ ಕಾಲು ಭಾಗ ಸಮಯ ಹೋಗುತ್ತದೆ ಎಂದಾದರೆ ಬೇಕಾದವರು ಇಬ್ಬರು. ಇರುವವರು ಒಬ್ಬರೇ ಆದ್ದರಿಂದ ಸೂಚಕ 0.5. ಒಂದಕ್ಕಿಂತ ಕಡಿಮೆಯಿದ್ದಷ್ಟೂ ಕೊರತೆ ಹೆಚ್ಚು. ಮನೆ ಭೇಟಿ, ಲಸಿಕೆ ಮುಂತಾದ ಎಣಿಸಬಲ್ಲ ಕೆಲಸಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಸಾಂಕ್ರಾಮಿಕ ಯಾವಾಗ ಬರುತ್ತದೋ ಎಂದು ಕಾದಿರುವವನ ಕಾರ್ಯಭಾರವನ್ನು ಮಾತ್ರ ಯಾವ ಗಂಟೆಯಲ್ಲೂ ಅಳೆಯಲಾಗದು.

ಬಹುಶಃ ಅದಕ್ಕೇ ಕ್ಷೇತ್ರ ಎಪಿಡೆಮಿಯಾಲಜಿಸ್ಟರ ವಿಷಯದಲ್ಲಿ ಜಗತ್ತು ನೇರವಾಗಿ ಒಂದು ಅನುಪಾತವನ್ನು ಹಿಡಿದುಕೊಂಡಿತು. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪಾಲನೆಯನ್ನು ಪರೀಕ್ಷಿಸಲು 2016ರಲ್ಲಿ ಬಂದ ಜಂಟಿ ಬಾಹ್ಯ ಮೌಲ್ಯಮಾಪನ 2 ಲಕ್ಷ ಜನಸಂಖ್ಯೆಗೆ ತರಬೇತಾದ ಒಬ್ಬರಿರಬೇಕೆಂದು ಗುರಿ ಇಟ್ಟಿತು. ಹಾಗೆ ನೋಡಿದರೆ 140 ಕೋಟಿಯ ಭಾರತಕ್ಕೆ 7,000 ಮಂದಿ, 2011ರ ಜನಗಣತಿಯಂತೆ 6.11 ಕೋಟಿಯ ಕರ್ನಾಟಕಕ್ಕೆ 300ಕ್ಕೂ ಮಿಕ್ಕಿ ಬೇಕು. ಇಂಥ ತರಬೇತಿಯ ಮೂಲ 1951ರಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಅಮೆರಿಕದಲ್ಲಿ ಆರಂಭಿಸಿದ ಸೇವೆ. ಭಾರತದಲ್ಲಿ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ 2001ರಿಂದಲೂ, ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2012ರಿಂದಲೂ ಈ ತರಬೇತಿ ನೀಡುತ್ತಿವೆ. ತರಬೇತಿ ಪಡೆದವರನ್ನು ಎಣಿಸುವುದು ಸುಲಭ. ಪಡೆದ ಮೇಲೆ ಆಡಳಿತದ ಹುದ್ದೆಗೆ ಬಡ್ತಿ ಹೊಂದಿ ಕಡತ ನೋಡುತ್ತಿರುವವರನ್ನು ಕಳೆಯುವವರು ಯಾರು?

ಅಮೆರಿಕ, ಇಂಗ್ಲೆಂಡ್, ಚೀನಾ

ಸಾರ್ವಜನಿಕ ಆರೋಗ್ಯದವರನ್ನೇ ಪ್ರತ್ಯೇಕವಾಗಿ ಎಣಿಸಲು ಹೆಚ್ಚು ಶ್ರಮಪಟ್ಟ ದೇಶ ಅಮೆರಿಕ. ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರಿಸ್ಟಿನ್ ಗೆಬಿ ನೇತೃತ್ವದ 2000ದ ಗಣತಿಯಲ್ಲಿ ಸಂಬಳ ಪಡೆಯುವ 4,48,254 ಮಂದಿ ಸಿಕ್ಕರು: ಲಕ್ಷ ಜನಸಂಖ್ಯೆಗೆ 158. ಇದೇ ಪ್ರಮಾಣ 1980ರಲ್ಲಿ 219 ಇತ್ತು ಎಂಬುದು ಆ ವರದಿಯ ಆತಂಕ. ಗಣತಿ ಎಂದರೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ರಾಜ್ಯ ಸರ್ಕಾರಗಳ ಬಳಿ ಇದ್ದ ಪಟ್ಟಿಗಳನ್ನು ತರಿಸಿ ಕೂಡಿಸಿದ್ದು. ಸುಮಾರು ಕಾಲುಭಾಗದಷ್ಟು ಜನರ ವೃತ್ತಿ ಏನೆಂಬುದೇ ಆ ಪಟ್ಟಿಗಳಲ್ಲಿ ಇರಲಿಲ್ಲ.

ಮತ್ತೆ 2014ರಲ್ಲಿ ಎಣಿಸಿದಾಗ ಸಿಕ್ಕ ಸಂಖ್ಯೆ 2,90,988. ಹದಿನಾಲ್ಕು ವರ್ಷದಲ್ಲಿ ಮೂರನೇ ಒಂದು ಭಾಗ ಕರಗಿಹೋಯಿತೇ? ಸ್ವಲ್ಪ ನಿಜ. 2008ರ ಆರ್ಥಿಕ ಕುಸಿತದ ನಂತರ ಸ್ಥಳೀಯ ಆರೋಗ್ಯ ಇಲಾಖೆಗಳು ಸಾವಿರಾರು ಹುದ್ದೆಗಳನ್ನು ಕಡಿತ ಮಾಡಿದ್ದವು. ಆದರೆ 2000ದ ಲೆಕ್ಕದಲ್ಲಿ ಸರ್ಕಾರೇತರ ಸಂಸ್ಥೆಗಳವರೂ ಇದ್ದರು, 2014ರದು ಸರ್ಕಾರಿ ಸಂಸ್ಥೆಗಳಿಗೆ ಸೀಮಿತ. ಸಂಶೋಧಕರು ತಾವೇ ಕೊಟ್ಟ ವ್ಯಾಪ್ತಿ 2,31,464ರಿಂದ 3,41,053ರವರೆಗೆ. ಪ್ರಾಮಾಣಿಕ ವಿದ್ವಾಂಸರ ಕೈಯಲ್ಲೂ ಒಂದು ಲಕ್ಷದ ಅನಿಶ್ಚಿತತೆ ಉಳಿಯುತ್ತದೆ ಎನ್ನುವುದನ್ನು ಗಮನಿಸಬೇಕು. ಇವರಲ್ಲಿ ಅತಿ ದೊಡ್ಡ ಗುಂಪು ದಾದಿಯರದ್ದಲ್ಲ, ಕಚೇರಿ ಸಿಬ್ಬಂದಿಯದು: ಶೇ 19. ಸಾರ್ವಜನಿಕ ಆರೋಗ್ಯ ದಾದಿಯರು ಶೇ 16, ಪರಿಸರ ಆರೋಗ್ಯದವರು ಶೇ 8. ಕೋವಿಡ್ ಅನುಭವದ ನಂತರ 2021ರಲ್ಲಿ ಡಿ ಬೋಮಾಂಟ್ ಪ್ರತಿಷ್ಠಾನ ರಾಜ್ಯ ಮತ್ತು ಸ್ಥಳೀಯ ಇಲಾಖೆಗಳಿಗೆ ಕನಿಷ್ಠ 80,000 ಪೂರ್ಣಾವಧಿ ಹುದ್ದೆಗಳು, ಅಂದರೆ ಶೇ 80ರಷ್ಟು, ಹೆಚ್ಚಾಗಬೇಕು ಎಂದಿತು. ಹಾಗಾದರೆ ಅವರು ಹಿಡಿದ ತಳಹದಿ ಸುಮಾರು ಒಂದು ಲಕ್ಷ. ಅದು ಮೂಲಭೂತ ಸೇವೆಗಳಿಗಷ್ಟೇ ಕಟ್ಟಿದ ಲೆಕ್ಕ. 2,90,988ಕ್ಕೂ ಇದಕ್ಕೂ ಜಗಳವಿಲ್ಲ, ಸಂಬಂಧವೂ ಇಲ್ಲ.

ಇಂಗ್ಲೆಂಡ್‌ನಲ್ಲಿ 2013ರಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆ ರಾಷ್ಟ್ರೀಯ ಆರೋಗ್ಯ ಸೇವೆಯಿಂದ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಮರುವರ್ಷ ಕಾರ್ಯಪಡೆ ಮಾಹಿತಿ ಕೇಂದ್ರ ಎಣಿಸಿ ಮುಖ್ಯ ಕಾರ್ಯಪಡೆ 36,000ದಿಂದ 41,000 ಎಂದಿತು. ಇದರಲ್ಲಿ ದೊಡ್ಡ ಪಾಲು ಎಳೆ ಮಕ್ಕಳ ಮನೆಗಳಿಗೆ ಹೋಗುವ ಆರೋಗ್ಯ ಸಂದರ್ಶಕಿಯರದು. 2015ರಲ್ಲಿ ವಿಶಾಲ ಕಾರ್ಯಪಡೆ ಎಂದು ಮತ್ತೊಂದು ಲೆಕ್ಕ ಬಂತು. ಅದರಂತೆ ಜನರ ಆರೋಗ್ಯಕ್ಕೆ ನೆರವಾಗಬಲ್ಲ ಉದ್ಯೋಗಗಳಲ್ಲಿರುವವರು ಒಂದೂವರೆ ಕೋಟಿ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಕಾಲ, ನಲವತ್ತು ಸಾವಿರ ಮತ್ತು ಒಂದೂವರೆ ಕೋಟಿ. ಎರಡನೆಯದು ಯೋಜನೆಗೆ ಉಪಯೋಗವಿಲ್ಲದ ಸಂಖ್ಯೆ ಎಂದೇ ಹೇಳಬೇಕು: ಅಷ್ಟು ಜನರನ್ನು ಒಳಗೆ ತಂದ ಮೇಲೆ ಹೊರಗೆ ಉಳಿಯುವವರು ಯಾರು?

ಚೀನಾದಲ್ಲಿ ರೋಗ ನಿಯಂತ್ರಣ ಕೇಂದ್ರಗಳ ಜಾಲವಿದೆ. 10,000 ಜನಸಂಖ್ಯೆಗೆ 1.75 ಸಿಬ್ಬಂದಿ ಇರಬೇಕೆಂದು 2014ರಲ್ಲಿ ಸರ್ಕಾರ ಮಾನದಂಡ ಹಾಕಿತು. 2019ರಲ್ಲಿ ಇದ್ದವರು 1.9 ಲಕ್ಷಕ್ಕೂ ಸ್ವಲ್ಪ ಕಡಿಮೆ, ಲಕ್ಷಕ್ಕೆ ಸುಮಾರು 13. ಅಮೆರಿಕದ 2014ರ ಸಂಖ್ಯೆಯನ್ನು ಇದೇ ರೀತಿ ಭಾಗಿಸಿದರೆ ಲಕ್ಷಕ್ಕೆ ಸುಮಾರು 91. ಇಂಗ್ಲೆಂಡ್‌ಗೆ 67ರಿಂದ 76. ಕೋಷ್ಟಕ ಮಾಡಿ ಚೀನಾ ಹಿಂದುಳಿದಿದೆ ಎನ್ನಲು ಇಷ್ಟು ಸಾಕು, ಮತ್ತು ಅದು ತಪ್ಪು. ಚೀನಾದ ಲೆಕ್ಕದಲ್ಲಿ ಹಳ್ಳಿ ವೈದ್ಯರಿಲ್ಲ, ಪಟ್ಟಣ ಆರೋಗ್ಯ ಕೇಂದ್ರಗಳವರಿಲ್ಲ. 2009ರಿಂದ ಲಸಿಕೆ, ಆರೋಗ್ಯ ದಾಖಲೆ, ರಕ್ತದೊತ್ತಡದ ಮೇಲ್ವಿಚಾರಣೆ ಮುಂತಾದ ಮೂಲ ಸೇವೆಗಳನ್ನು ಮಾಡುತ್ತಿರುವವರು ಅವರೇ. ಇತ್ತ ಅಮೆರಿಕದ ಸಂಖ್ಯೆಯಲ್ಲಿ ಗುಮಾಸ್ತರಿದ್ದಾರೆ.

ಆಶಾ: ಲೆಕ್ಕ ತಲೆಕೆಳಗಾಗುವ ಜಾಗ

ಭಾರತದಲ್ಲಿ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಶುರುವಾದ ಆಶಾ ಕಾರ್ಯಕರ್ತೆಯರು ಈಗ ಸುಮಾರು 10 ಲಕ್ಷ, ಕರ್ನಾಟಕದಲ್ಲಿ 42,000ದಷ್ಟು. ಅವರಿಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟರು. ಸರ್ಕಾರದ ಕಡತಗಳಲ್ಲಿ ಮಾತ್ರ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಅವರಿಲ್ಲ, ಯಾವ ವೃತ್ತಿ ಪರಿಷತ್ತಿನಲ್ಲೂ ನೋಂದಣಿಯಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವರನ್ನು ಸೇರಿಸಿಕೊಂಡರೆ ಭಾರತದ ಸಾರ್ವಜನಿಕ ಆರೋಗ್ಯ ಕಾರ್ಯಪಡೆಗೆ ಲಕ್ಷಕ್ಕೆ ಎಪ್ಪತ್ತರಷ್ಟು ಸೇರುತ್ತದೆ. ಅಂದರೆ ಇಂಗ್ಲೆಂಡಿನ ಇಡೀ ಮುಖ್ಯ ಕಾರ್ಯಪಡೆಗೆ ಸಮ. ಬಿಟ್ಟರೆ ಸೊನ್ನೆ.

ಇದೇ ಬಗೆಯ ಕೆಲಸಕ್ಕೆ ಬೇರೆ ದೇಶಗಳು ಬೇರೆ ಸ್ಥಾನ ಕೊಟ್ಟಿವೆ. ಇಥಿಯೋಪಿಯಾ 2003ರಿಂದ ನೇಮಿಸಿಕೊಂಡ ಆರೋಗ್ಯ ವಿಸ್ತರಣಾ ಕಾರ್ಯಕರ್ತೆಯರು 30,000ಕ್ಕೂ ಹೆಚ್ಚಿದ್ದಾರೆ; ಒಂದು ವರ್ಷದ ತರಬೇತಿ, ಸರ್ಕಾರಿ ಸಂಬಳ. ಆದ್ದರಿಂದ ಅವರು ಎಲ್ಲ ಅಂಕಿಅಂಶಗಳಲ್ಲೂ ಕಾಣುತ್ತಾರೆ. ಪಾಕಿಸ್ತಾನದಲ್ಲಿ 1994ರಲ್ಲಿ ಶುರುವಾದ ಲೇಡಿ ಹೆಲ್ತ್ ವರ್ಕರ್‌ಗಳು ಬೀದಿಗಿಳಿದು, ಸುಪ್ರೀಂ ಕೋರ್ಟಿನವರೆಗೂ ಹೋಗಿ ಖಾಯಂ ಆದರು. ಬ್ರೆಜಿಲ್ 2022ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕನಿಷ್ಠ ವೇತನದ ಎರಡು ಪಟ್ಟು ಸಂಬಳವನ್ನು ಗೊತ್ತುಮಾಡಿತು. ದೇಶದೇಶಗಳ ಕೋಷ್ಟಕದಲ್ಲಿ ಕಾಣುವ ವ್ಯತ್ಯಾಸದ ಒಂದು ದೊಡ್ಡ ಪಾಲು ಆರೋಗ್ಯ ಸೇವೆಯ ವ್ಯತ್ಯಾಸವಲ್ಲ, ಕಾರ್ಮಿಕ ಕಾನೂನಿನ ವ್ಯತ್ಯಾಸ. ಹೆಣ್ಣುಮಕ್ಕಳ ದುಡಿಮೆಯನ್ನು ಸೇವೆಯೆಂದು ಕರೆದ ದೇಶದ ಸಿಬ್ಬಂದಿ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ.

ಜಾಗತಿಕ ಸಂಖ್ಯೆಗಳು

ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿ ಜಗತ್ತಿನಲ್ಲಿ 5.92 ಕೋಟಿ ಆರೋಗ್ಯ ಸಿಬ್ಬಂದಿ ಇದ್ದಾರೆಂದು ಅಂದಾಜಿಸಿತು. ಇವರಲ್ಲಿ ಮೂರನೇ ಒಂದು ಭಾಗ ಆಡಳಿತ ಮತ್ತು ಸಹಾಯಕ ಸಿಬ್ಬಂದಿ. ಸಾವಿರ ಜನಸಂಖ್ಯೆಗೆ ವೈದ್ಯರು, ದಾದಿಯರು, ಸೂಲಗಿತ್ತಿಯರು ಸೇರಿ 2.28 ಇದ್ದರೆ ಶೇ 80ರಷ್ಟು ಹೆರಿಗೆಗಳಿಗೆ ನುರಿತ ನೆರವು ಸಿಗುತ್ತದೆ ಎಂಬ ಲೆಕ್ಕದಿಂದ 57 ದೇಶಗಳನ್ನು ತೀವ್ರ ಕೊರತೆಯ ಪಟ್ಟಿಗೆ ಹಾಕಿತು. ಸುಸ್ಥಿರ ಅಭಿವೃದ್ಧಿ ಗುರಿಗಳು ಬಂದ ಮೇಲೆ 2016ರಲ್ಲಿ ಗೆರೆಯನ್ನು 4.45ಕ್ಕೆ ಏರಿಸಲಾಯಿತು. 2030ಕ್ಕೆ ಒಟ್ಟು ಕೊರತೆ 1.8 ಕೋಟಿ ಎಂದು ಆಗ ಹೇಳಿದ್ದು, 2022ರ ಪರಿಷ್ಕೃತ ಅಂದಾಜಿನಲ್ಲಿ ಒಂದು ಕೋಟಿಯ ಸುಮಾರಿಗೆ ಇಳಿಯಿತು. ಅದೇ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನ ಆರೋಗ್ಯ ಸಿಬ್ಬಂದಿ 6.51 ಕೋಟಿ: ದಾದಿಯರು 2.91 ಕೋಟಿ, ವೈದ್ಯರು 1.27 ಕೋಟಿ, ಔಷಧಿ ತಜ್ಞರು 37 ಲಕ್ಷ, ದಂತವೈದ್ಯರು 25 ಲಕ್ಷ, ಸೂಲಗಿತ್ತಿಯರು 22 ಲಕ್ಷ. ಉಳಿದ 1.49 ಕೋಟಿ ಇತರರು. ಸಾರ್ವಜನಿಕ ಆರೋಗ್ಯದವರನ್ನು ಹುಡುಕಬೇಕಾದದ್ದು ಆ ಇತರರಲ್ಲಿ.

ಇದೇ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಆರೋಗ್ಯ ಸಿಬ್ಬಂದಿಯ ಸಂಖ್ಯೆಯನ್ನು 80,000ದಿಂದ 1,80,000 ಎಂದು ಅಂದಾಜಿಸಿದಾಗ ಹಿಡಿದುಕೊಂಡ ಒಟ್ಟು ಸಿಬ್ಬಂದಿ 13.5 ಕೋಟಿ. ಅದು 6.51 ಕೋಟಿಯ ಎರಡು ಪಟ್ಟಿಗೂ ಹೆಚ್ಚು. ಆಸ್ಪತ್ರೆಯ ಕಸ ಗುಡಿಸುವವರನ್ನೂ ಆರೈಕೆದಾರರನ್ನೂ ಸೇರಿಸಿದ ವಿಶಾಲ ವ್ಯಾಖ್ಯೆ ಅದು. ಸೋಂಕಿಗೆ ಹುದ್ದೆಯ ಹೆಸರು ಗೊತ್ತಿಲ್ಲವಾದ್ದರಿಂದ ಆ ಸಂದರ್ಭಕ್ಕೆ ಅದೇ ಸರಿಯಾದ ವ್ಯಾಖ್ಯೆ ಎನ್ನಲು ಅಡ್ಡಿಯಿಲ್ಲ.

ದೇಶಗಳ ಅಂಕಿಗಳನ್ನು ಒಂದೇ ನಮೂನೆಗೆ ತರಲು 2017ರಿಂದ ರಾಷ್ಟ್ರೀಯ ಆರೋಗ್ಯ ಕಾರ್ಯಪಡೆ ಲೆಕ್ಕಪತ್ರ ಎಂಬ ವ್ಯವಸ್ಥೆ ಚಾಲ್ತಿಗೆ ಬಂದಿದೆ. ಚಿಕಿತ್ಸೆಯ ವೃತ್ತಿಗಳಿಗೆ ಅದು ಸಾಕಷ್ಟು ಶಿಸ್ತು ತಂದಿದೆ. ಸಾರ್ವಜನಿಕ ಆರೋಗ್ಯದ ಮಟ್ಟಿಗೆ ಸದ್ಯ ನಂಬಬಹುದಾದ ಹೋಲಿಕೆ ಎಂದರೆ ಒಂದೇ ದೇಶದ, ಒಂದೇ ವ್ಯಾಖ್ಯೆಯ, ಎರಡು ಕಾಲಗಳ ಹೋಲಿಕೆ. ಭಾರತದಲ್ಲಿ ಅದೂ ಆಗಬೇಕಿದ್ದರೆ ಮೊದಲು ಆ ಹೆಸರಿನ ವರ್ಗವೊಂದು ಬೇಕು. ತಮಿಳುನಾಡಿನಲ್ಲಿ 1922ರಷ್ಟು ಹಿಂದಿನ ಸಾರ್ವಜನಿಕ ಆರೋಗ್ಯ ನಿರ್ದೇಶನಾಲಯ ಇಂದಿಗೂ ಪ್ರತ್ಯೇಕವಾಗಿದೆ. ಇಂಥದೇ ವೃಂದವನ್ನು ಕಟ್ಟಿಕೊಳ್ಳಿ ಎಂದು ಕೇಂದ್ರ ಸರ್ಕಾರ ಉಳಿದ ರಾಜ್ಯಗಳಿಗೆ ಮಾರ್ಗಸೂಚಿ ಕಳಿಸಿದ್ದು 2022ರ ಏಪ್ರಿಲ್‌ನಲ್ಲಿ.

ಇಷ್ಟೆಲ್ಲ ಲೆಕ್ಕಗಳಲ್ಲಿ ಲಕ್ಷಕ್ಕೆ ಇಷ್ಟು ಎಂದು ಭಾಗಿಸುವ ಜನಸಂಖ್ಯೆಯೂ ಭಾರತದ ಮಟ್ಟಿಗೆ ಸದ್ಯಕ್ಕೆ ಅಂದಾಜೇ. ಇಲ್ಲಿ ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಮುಂದಿನದಕ್ಕೆ ಗೊತ್ತುಮಾಡಿರುವ ಉಲ್ಲೇಖ ದಿನಾಂಕ 2027ರ ಮಾರ್ಚ್ 1.